ಇಂದಿನ ಧಮ್ಮ ಚಿಂತನೆ: ಗಡಿಪಾರಿನ ನೋಟಿಸ್ ಮತ್ತು ಅಂಗುಲಿಮಾಲ



ಮೊನ್ನೆ ವಾಡಿಯಿಂದ ಒಬ್ಬ ತಾಯಿ ಮನೆಗೆ ಬಂದಿದ್ದರು. ಮಗ ನನ್ನ ಹಳೇ ವಿದ್ಯಾರ್ಥಿ. ಕಳ್ಳತನದ ಕೇಸಿನಲ್ಲಿ ಜೈಲು ಮುಗಿಸಿ ಬಂದವನು ಈಗ ಶಹಾಬಾದಿ ಕಲ್ಲಿನ ಪಾಲಿಶ್ ಕೆಲಸಕ್ಕೆ ಹೋಗುತ್ತಾನೆ. ಗಡಿಪಾರಿನ ನೋಟಿಸ್ ಕೈಯಲ್ಲಿ ಹಿಡಿದು ಆಕೆ ಕೇಳಿದರು: “ಸರ್, ಅಂವ ಶಿಕ್ಷಾ ಮುಗಿಸ್ಕೊಂಡೇ ಬಂದಾನ್ರಿ. ಮತ್ಯಾಕ್ ಊರು ಬಿಡಬೇಕ್ರಿ?”

ಕಾನೂನು ಹಿಂದಿನ ಅಪರಾಧವನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಮೊದಲ ಸಲ ತಪ್ಪಿದವನನ್ನು ಸನ್ನಡತೆಯ ಬಾಂಡ್ ಮೇಲೆ ಬಿಡಲು 1958ರ ಪ್ರೊಬೇಷನ್ ಕಾಯ್ದೆಯಲ್ಲಿ ಅವಕಾಶವಿದೆ. ಅಂಥದೇ ತಪ್ಪು ಮತ್ತೆ ಮಾಡಿದರೆ ಶಿಕ್ಷೆ ಹೆಚ್ಚಬಹುದು. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಗಡಿಪಾರು ಬೇರೆ. ಇವನು ಮುಂದೆ ಮತ್ತೆ ತಪ್ಪು ಮಾಡಿಯಾನು ಎಂಬ ಭಯದಿಂದ ಹುಟ್ಟಿದ ಕ್ರಮ ಅದು. ಅವಧಿ ಹೆಚ್ಚೆಂದರೆ 2 ವರ್ಷ. ಆದೇಶಕ್ಕೆ ಮೊದಲು ಅವನ ಮಾತನ್ನೂ ಕೇಳಬೇಕು.

ಕಳುವಾದ ಮನೆಯವರ ಭಯ ಸುಳ್ಳಲ್ಲ. ಅಂಗುಲಿಮಾಲನ ಊರಿನವರ ಭಯವೂ ಸುಳ್ಳಾಗಿರಲಿಲ್ಲ. ಕೋಸಲದ ರಾಜ ಪಸೇನದಿ ಐನೂರು ಸವಾರರೊಡನೆ ಅವನನ್ನು ಹಿಡಿಯಲು ಹೊರಟಿದ್ದ. ಬುದ್ಧರು ಪಕ್ಕದಲ್ಲೇ ಕೂತಿದ್ದ ಭಿಕ್ಷುವನ್ನು ತೋರಿಸಿದಾಗ ರಾಜ ಮೊದಲು ನಡುಗಿದ. ಆಮೇಲೆ ಅವನ ಈಗಿನ ನಡತೆ ಅರಿತು ಚೀವರ ಕೊಡಲು ಮುಂದಾದ. ಆದರೂ ಭಿಕ್ಷೆಗೆ ಹೋದಾಗ ಅಂಗುಲಿಮಾಲನ ಮೇಲೆ ಕಲ್ಲು ಬಿತ್ತು, ತಲೆ ಒಡೆಯಿತು. ಇದು ನೀನು ಮಾಡಿದ್ದರ ಫಲ, ಸಹಿಸಿಕೋ ಎಂದರು ಬುದ್ಧರು. ಸಂಘದಿಂದ ಮಾತ್ರ ಹೊರಗೆ ಹಾಕಲಿಲ್ಲ.

ನಮ್ಮ ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ ಸಿಕ್ಕ ಅಶೋಕನ ಶಾಸನದಲ್ಲಿ ಒಡಿಶಾದ ಧೌಲಿಯಲ್ಲಿರುವ ಪ್ರತ್ಯೇಕ ಶಾಸನಗಳ ಭಾಗವೂ ಇದೆ. ನ್ಯಾಯ ನೋಡುವ ಅಧಿಕಾರಿಗೆ ಅಸೂಯೆ, ಸಿಟ್ಟು, ಆತುರ, ಆಲಸ್ಯ ಇರಬಾರದು. ಕಾರಣವಿಲ್ಲದೆ ಯಾರೂ ಸೆರೆ ಅನುಭವಿಸಬಾರದು ಎಂದು ಅಶೋಕ ಅಲ್ಲಿ ಹೇಳಿಸಿದ್ದಾನೆ. ಆ ಮಾತು ನಮಗೂ ಸಲ್ಲುತ್ತದೆ. ಆ ಹುಡುಗನನ್ನು “ಕಳ್ಳ” ಎಂದೇ ಗುರುತು ಹೇಳುವವರು ನಾವೇ ಅಲ್ಲವೇ?

ವಿಚಾರಣೆಗೆ ಆ ತಾಯಿಯ ಜೊತೆ ಹೋಗಲು ಇಬ್ಬರು ಉಪಾಸಕರು ಬೇಕು. ಅವನ ಈಗಿನ ಕೆಲಸ, ನಡತೆ ಬಲ್ಲವರು ಬನ್ನಿ. ಕಂಡದ್ದನ್ನಷ್ಟೇ ಹೇಳೋಣ, ಕರುಣೆಗಾಗಿಯೂ ನಾಲ್ಕನೆಯ ಶೀಲ ಮುರಿಯುವುದು ಬೇಡ. ಹಳೇ ತಪ್ಪು ಕಡತದಲ್ಲಿದೆ, ಅದನ್ನು ಅಳಿಸಲಾಗದು. ಇಂದಿನ ದುಡಿಮೆ ಯಾವ ಕಡತದಲ್ಲೂ ಇಲ್ಲ. ಅದನ್ನು ಹೇಳಬೇಕಾದವರು ನೆರೆಹೊರೆಯವರು.

ಎಲ್ಲರಿಗೂ ಮಂಗಳವಾಗಲಿ 🙏