ಫ್ಲಾಟ್ ಅಂದ್ರೆ ಏನಪ್ಪಾ?

ಮೊದಲ ಕೆಲಸ ಸಿಕ್ಕ ದಿನ ಬೆಂಗಳೂರಿನಿಂದ ಆದಿವಾಲಕ್ಕೆ ಫೋನು ಮಾಡಿ, "ಅಪ್ಪಾ, ವರ್ಷಕ್ಕೆ ಮೂರೂವರೆ ಲಕ್ಷ ಸಿಟಿಸಿ" ಅಂದಿದ್ದೆ. ಅಪ್ಪ ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ, "ಅದಿರ್ಲಿ, ತಿಂಗಳಿಗೆ ಕೈಗೆ ಎಷ್ಟು ಬರುತ್ತೆ?" ಅಂತ ಕೇಳಿದರು.

ನನಗೆ ಗೊತ್ತಿರಲಿಲ್ಲ. ಮೂರೂವರೆ ಲಕ್ಷವನ್ನು ಹನ್ನೆರಡರಿಂದ ಭಾಗಿಸಿ "ಇಪ್ಪತ್ತೊಂಬತ್ತು ಸಾವಿರ" ಅಂದುಬಿಟ್ಟೆ. ಮೊದಲ ತಿಂಗಳು ಬ್ಯಾಂಕಿನ ಮೆಸೇಜು ಬಂದಾಗ ಅದರಲ್ಲಿ ಇಪ್ಪತ್ನಾಲ್ಕು ಸಾವಿರ ಚಿಲ್ಲರೆ ಇತ್ತು. ಯಾರೂ ಮೋಸ ಮಾಡಿರಲಿಲ್ಲ. ಸಿಟಿಸಿ ಅಂದರೆ ಕಾಸ್ಟ್ ಟು ಕಂಪನಿ. ನನಗಾಗಿ ಕಂಪನಿಗೆ ಬೀಳುವ ಖರ್ಚು ಅಂತ ಅರ್ಥ. ಪಿಎಫ್‌ಗೆ ನನ್ನ ಪಾಲಿನ ನೂರಕ್ಕೆ 12, ಕಂಪನಿ ಕಟ್ಟುವ ಪಾಲು, ಇನ್ಶೂರೆನ್ಸು, ಆಗ ಜಾರಿಯಲ್ಲಿದ್ದ 1972ರ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಐದು ವರ್ಷ ದುಡಿದ ಮೇಲಷ್ಟೇ ಕೈಗೆ ಬರುತ್ತಿದ್ದ ಗ್ರಾಚ್ಯುಟಿ, ಎಲ್ಲವೂ ಅದರೊಳಗೇ ಇದ್ದವು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅದು ಕಂಪನಿಯ ಕಡೆಯಿಂದ ನೋಡಿದ ಲೆಕ್ಕ. ಅದನ್ನು ನನ್ನ ದುಡಿಮೆ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದವನು ನಾನು.

ಅಪ್ಪ ಕೇಳಿದ್ದು ಬೇರೆ. ನಮ್ಮೂರಲ್ಲಿ ದುಡಿಮೆ ಅಂದರೆ ಕೈಗೆ ಬಂದದ್ದು. ಸಂಬಳ ಅನ್ನೋ ಪದಕ್ಕೆ ಹಳೆಯ ಅರ್ಥ ದಾರಿಯ ಬುತ್ತಿ ಅಂತ. ಹೊರಟವನು ಊರು ಮುಟ್ಟೋ ತನಕ ಹೊಟ್ಟೆಗೆ ಏನಿದೆ ಅನ್ನೋದು ಆ ಪದದೊಳಗಿನ ಪ್ರಶ್ನೆ. ಅಪ್ಪ ಕೇಳಿದ್ದೂ ಅದನ್ನೇ.

ಇದು ನಕ್ಕು ಮರೆಯಬಹುದಾದ ಕಥೆ. ಇನ್ನೊಂದು ಹಾಗಲ್ಲ.

2019ರಲ್ಲಿ ದೊಡ್ಡಮ್ಮನ ಬೋರ್‌ವೆಲ್ಲಿನ ಮೋಟಾರು ಸುಟ್ಟಿತು. ಹೊಸ ಮೋಟಾರು, ಪೈಪು, ಕೇಬಲ್ಲು, ಎತ್ತೋರ ಕೂಲಿ ಎಲ್ಲ ಸೇರಿ ಲಕ್ಷದ ಹತ್ತಿರ ಬಂತು. ತೋಟದ ತೆಂಗು ಒಣಗೋಕೆ ಶುರುವಾಗಿತ್ತು. ಹಿರಿಯೂರಿನ ಕಡೆಯಿಂದ ಒಬ್ಬ ಹುಡುಗ ಬೈಕಿನಲ್ಲಿ ಬಂದು, ಒಂದು ಫೈನಾನ್ಸಿನಿಂದ ಸಾಲ ಕೊಡಿಸ್ತೀನಿ ಅಂದ. ಕಾಗದವೆಲ್ಲ ಇಂಗ್ಲಿಷಿನಲ್ಲಿತ್ತು. ನಾನು ರಜೆಗೆ ಬಂದಿದ್ದೆ. ದೊಡ್ಡಮ್ಮ ಕಾಗದ ನನ್ನ ಕೈಗಿಟ್ಟು, "ನೋಡಪ್ಪ, ಓದಿದೋನು ನೀನು" ಅಂದರು.

ನೋಡಿದೆ. ಒಂದು ಲಕ್ಷ ರೂಪಾಯಿ, ಹನ್ನೆರಡು ಕಂತು, ಬಡ್ಡಿ ನೂರಕ್ಕೆ 12, ಪಕ್ಕದಲ್ಲಿ ಫ್ಲಾಟ್ ಅಂತ ಇತ್ತು. ಊರಿನ ಲೆಕ್ಕಕ್ಕೆ ತಂದು, "ಒಂದು ರೂಪಾಯಿ ಬಡ್ಡಿ ಅಷ್ಟೇ ದೊಡ್ಡಮ್ಮ" ಅಂದೆ. ನಮ್ಮ ಕಡೆ ಒಂದು ರೂಪಾಯಿ ಬಡ್ಡಿ ಅಂದರೆ ನೂರು ರೂಪಾಯಿಗೆ ತಿಂಗಳಿಗೆ ಒಂದು ರೂಪಾಯಿ. ಕೈಸಾಲ ತಂದರೆ ಎರಡು, ಮೂರು ರೂಪಾಯಿ ನಡೆಯುವ ಜಾಗದಲ್ಲಿ ಒಂದು ರೂಪಾಯಿ ಅಂದರೆ ಧರ್ಮದ ಬಡ್ಡಿ. ದೊಡ್ಡಮ್ಮ ಹೆಬ್ಬೆಟ್ಟು ಒತ್ತಿದರು.

ತಿಂಗಳಿಗೆ 9,333 ರೂಪಾಯಿ ಕಂತು. ಡೈರಿಗೆ ಹಾಕಿದ ಹಾಲಿನ ಬಟವಾಡೆ, ತೆಂಗಿನಕಾಯಿ ಮಾರಿದ ದುಡ್ಡು, ಎಲ್ಲ ಅದಕ್ಕೇ ಹೋಗ್ತಿತ್ತು. ಆರು ಕಂತು ಮುಗಿದಾಗ ನನಗೆ ಫೋನು ಬಂತು.

"ಅಲ್ಲ ಕಣಪ್ಪ, ಅರ್ಧ ಅಸಲು ತೀರ್ತಲ್ಲ. ಬಡ್ಡಿ ಯಾಕೆ ಇಳೀಲಿಲ್ಲ?"

ನಾನು ಮೀಟಿಂಗಿಗೆ ಹೊರಟಿದ್ದೆ. "ಅದು ಫ್ಲಾಟ್ ದೊಡ್ಡಮ್ಮ, ಹಂಗೇ ಇರುತ್ತೆ" ಅಂದೆ.

"ಓ, ಫ್ಲಾಟಾ" ಅಂದು ಫೋನಿಟ್ಟರು.

ನಾನು ಆ ಮಾತಿನ ಲೆಕ್ಕ ಮಾಡಿದ್ದು ಮೂರು ವರ್ಷ ಆದ ಮೇಲೆ, ನನ್ನದೇ ಮನೆ ಸಾಲಕ್ಕೆ ಓಡಾಡುವಾಗ. ಸಾಹುಕಾರನ ಹತ್ತಿರ ಒಂದು ರೂಪಾಯಿ ಬಡ್ಡಿಗೆ ಲಕ್ಷ ತಂದರೆ, ವರ್ಷಪೂರ್ತಿ ಲಕ್ಷವೂ ನಮ್ಮ ಕೈಲಿರುತ್ತೆ, ಕೊನೆಗೆ 12,000 ಬಡ್ಡಿ. ನಡುವೆ ಅರ್ಧ ಅಸಲು ಕೊಟ್ಟರೆ ಅಲ್ಲಿಂದಾಚೆ ಬಡ್ಡಿ ಉಳಿದರ್ಧಕ್ಕೆ ಮಾತ್ರ. ಇದು ಊರಿನ ಕಟ್ಟು. ಫ್ಲಾಟಿನಲ್ಲಿ ತಿಂಗಳು ತಿಂಗಳೂ ಅಸಲು ವಾಪಸ್ ಹೋಗ್ತಾ ಇರುತ್ತೆ, ಬಡ್ಡಿ ಮಾತ್ರ ಕೊನೇ ಕಂತಿನವರೆಗೂ ಮೊದಲ ದಿನದ ಲಕ್ಷಕ್ಕೇ. ಅದೇ ನೂರಕ್ಕೆ 12ನ್ನು ಉಳಿದ ಅಸಲಿಗಷ್ಟೇ ಹಾಕಿದ್ದರೆ ಕಂತು 8,885 ಆಗ್ತಿತ್ತು. ಒಟ್ಟು ಬಡ್ಡಿ 6,600ರ ಆಸುಪಾಸು. ದೊಡ್ಡಮ್ಮ ಕಟ್ಟಿದ್ದು 12,000. ಉಳಿದ ಅಸಲಿನ ಲೆಕ್ಕದಲ್ಲಿ ನೋಡಿದರೆ ಆ ಸಾಲದ ಬಡ್ಡಿ ವರ್ಷಕ್ಕೆ ನೂರಕ್ಕೆ ಇಪ್ಪತ್ತೊಂದೂವರೆಯಷ್ಟು. ಅಂದರೆ ಒಂದು ರೂಪಾಯಿ ಬಡ್ಡಿ ಅಲ್ಲ, ಹತ್ತಿರ ಹತ್ತಿರ ಒಂದು ರೂಪಾಯಿ ಎಂಬತ್ತು ಪೈಸೆ.

ಈಗ ನನ್ನನ್ನು ಕಾಡುವ ಪ್ರಶ್ನೆಗೆ ಬರ್ತೀನಿ. ನಾನು ಸುಳ್ಳು ಹೇಳಿದೆನಾ?

ಕಾಗದದಲ್ಲಿ ಇದ್ದದ್ದು ಫ್ಲಾಟ್. ನಾನು ಹೇಳಿದ್ದೂ ಫ್ಲಾಟ್. ಪದ ಸರಿ. ಬೈಕಿನ ಹುಡುಗನೂ ಸುಳ್ಳು ಹೇಳಲಿಲ್ಲ. ಅವನೂ ನಮ್ಮಂಥದ್ದೇ ಯಾವುದೋ ಊರಿನವನು, ಟ್ರೇನಿಂಗಿನಲ್ಲಿ ಹೇಳಿಕೊಟ್ಟಿದ್ದನ್ನ ಹೇಳಿದ. ಕಾಗದ ಅಚ್ಚು ಹಾಕಿಸಿದವರೂ ಏನನ್ನೂ ಬಚ್ಚಿಟ್ಟಿರಲಿಲ್ಲ. ಯಾರ ಬಾಯಿಂದಲೂ ಒಂದು ಸುಳ್ಳು ಬರಲಿಲ್ಲ, ಆದರೂ ಐದು ಸಾವಿರಕ್ಕೂ ಮೀರಿದ ಭಾರ ಒಬ್ಬ ಹೆಂಗಸಿನ ತಲೆ ಮೇಲೆ ಬಂದು ಕೂತಿತು.

ಆಗ ನನಗೂ ಗೊತ್ತಿರಲಿಲ್ಲ ಅನ್ನಬಹುದು. ನಿಜ. ಆದರೆ "ಗೊತ್ತಿಲ್ಲ ದೊಡ್ಡಮ್ಮ, ವಿಚಾರಿಸಿ ಹೇಳ್ತೀನಿ" ಅಂತಲೂ ನಾನು ಅನ್ನಲಿಲ್ಲ. ಗೊತ್ತಿಲ್ಲದ್ದು ತಪ್ಪಲ್ಲ. ಗೊತ್ತಿಲ್ಲದ್ದರ ಮೇಲೆ ಒಂದು ಇಂಗ್ಲಿಷ್ ಪದ ಮುಚ್ಚಿದ್ದು ತಪ್ಪು. ಅವರು ಕೇಳಿದ ಪ್ರಶ್ನೆ ಲೆಕ್ಕದ ಮೇಷ್ಟ್ರು ಕೇಳಬೇಕಾದಂಥ ಪ್ರಶ್ನೆ. ನಾನು ಕೊಟ್ಟಿದ್ದು ಉತ್ತರ ಅಲ್ಲ, ಬರೀ ಹೆಸರು.

2022ರ ಸೆಪ್ಟೆಂಬರಿನಲ್ಲಿ ವಾಣಿ ವಿಲಾಸ ಸಾಗರ 1933ರ ನಂತರ ಮೊದಲ ಸಲ, 89 ವರ್ಷಕ್ಕೆ, ಕೋಡಿ ಬಿತ್ತು. ಜನಜಾತ್ರೆಯಲ್ಲಿ ನಾವೂ ಹೋಗಿದ್ದೆವು. ವಾಪಸ್ ಬರುವಾಗ ದೊಡ್ಡಮ್ಮನಿಗೆ ಈ ಲೆಕ್ಕವನ್ನೆಲ್ಲ ಹೇಳಿದೆ. ಬೈತಾರೆ ಅಂದುಕೊಂಡಿದ್ದೆ.

"ನಂಗೆ ಆವಾಗ್ಲೇ ಹಂಗೇ ಅನ್ನಿಸಿತ್ತು ಕಣಪ್ಪ," ಅಂದರು. "ಆದ್ರೆ ನೀನು ಅದಕ್ಕೊಂದು ಹೆಸರು ಹೇಳ್ದೆ. ಹೆಸರೈತೆ ಅಂದ್ಮೇಲೆ ಸರಿಯಾಗೇ ಇರಬೇಕು, ನಂಗೇ ತಿಳೀಲಿಲ್ಲ ಅಂದ್ಕೊಂಡೆ."

ಹೋದ ದುಡ್ಡಿಗಿಂತ ಈ ಮಾತು ನನಗೆ ಜಾಸ್ತಿ ಚುಚ್ಚಿತು. ಸರಿಯಾಗಿ ಯೋಚಿಸುತ್ತಿದ್ದ ಮನುಷ್ಯರನ್ನ ತಮ್ಮ ಬುದ್ಧಿಯ ಮೇಲೇ ಅನುಮಾನ ಪಡೋ ಹಾಗೆ ಮಾಡಿದ್ದೆ.

ಹಾಗಂತ ಇದು ಇಂಗ್ಲಿಷಿನ ಮೇಲಿನ ದೂರು ಅಂದುಕೊಳ್ಳಬೇಡಿ. ನಮ್ಮ ಹಳೇ ಪದಗಳೆಲ್ಲ ಹಾಲು ಜೇನಲ್ಲ. ಜೀತ ಅನ್ನೋ ಪದ ನೋಡಿ. ಒಂದು ಕಾಲಕ್ಕೆ ಅದರ ಅರ್ಥ ದುಡಿಮೆಗೆ ಸಿಗುವ ಸಂಬಳ ಅಂತಲೇ. ಹಿರಿಯೂರಿನ ಪೂರ್ವಕ್ಕೆ ಹೋಗಿ ಆಂಧ್ರದ ಗಡಿ ದಾಟಿದರೆ ಇವತ್ತಿಗೂ ತೆಲುಗಿನಲ್ಲಿ ಸಂಬಳಕ್ಕೆ ಜೀತಂ ಅಂತಾರೆ. ಕನ್ನಡದಲ್ಲಿ ಅದೇ ಪದ ಸಾಲಕ್ಕೆ ಮೈ ಒತ್ತೆಯಿಟ್ಟವರ ಬಾಳಾಯಿತು. 1976ರಲ್ಲಿ ಕಾಯ್ದೆ ತಂದು ನಿಲ್ಲಿಸಬೇಕಾದ ಪದ್ಧತಿಯ ಹೆಸರಾಯಿತು. ಇಂಗ್ಲಿಷ್ ಬಾರದ ಕಾಲದಲ್ಲೂ ಹೆಬ್ಬೆಟ್ಟು ಒತ್ತಿಸಿಕೊಂಡವರು ಅಚ್ಚಗನ್ನಡದಲ್ಲೇ ಒತ್ತಿಸಿಕೊಂಡಿದ್ದಾರೆ. ಗಾರೆ ಕೆಲಸದ ಹುಡುಗ "ಕೂಲಿ ಸಿಕ್ತು" ಅನ್ನದೆ "ಪೇಮೆಂಟ್ ಆಯ್ತಣ್ಣ" ಅಂದರೆ ಅದರಲ್ಲಿ ಅವನ ತಲೆ ಒಂದಿಷ್ಟು ಮೇಲೇಳುತ್ತೆ. ಆ ಪದ ಅವನಿಂದ ಕಿತ್ತುಕೊಳ್ಳೋಕೆ ನಾನ್ಯಾರು?

ಕನ್ನಡ ಅಂದ ತಕ್ಷಣ ಅರ್ಥವಾಗುತ್ತೆ ಅನ್ನೋದೂ ಇಲ್ಲ. ಆದಾಯ ಅನ್ನೋ ಪದವನ್ನ ನಮ್ಮೂರಲ್ಲಿ ನಾನು ಕೇಳಿದ್ದು ನಾಡಕಚೇರಿಗೆ ಸರ್ಟಿಫಿಕೇಟಿಗೆ ಹೋದಾಗ ಮಾತ್ರ. ಅದೇ ಉದ್ಯೋಗ ಖಾತ್ರಿ ನೋಡಿ. ಕಾಯ್ದೆಯ ಇಂಗ್ಲಿಷ್ ಹೆಸರು ಮಾರುದ್ದ. ಜನ ಅದನ್ನ "ಖಾತ್ರಿ ಕೆಲಸ" ಮಾಡಿಕೊಂಡರು. ಆ ಹೆಸರಿನಲ್ಲೇ ಹಕ್ಕು ಇದೆ. ಕೆಲಸ ಸಿಗದಿದ್ದರೆ "ಖಾತ್ರಿ ಅಂದ್ರಲ್ಲ, ಎಲ್ಲಿ?" ಅಂತ ಕೇಳೋಕೆ ಆ ಪದವೇ ಸಾಕು. ಖಾತ್ರಿ ಮತ್ತೆ ಮತ್ತೆ ಪ್ರಶ್ನೆ ಕೇಳಿಸುತ್ತೆ, ಫ್ಲಾಟ್ ಕೇಳಿದ ಪ್ರಶ್ನೆಯನ್ನೂ ನಿಲ್ಲಿಸುತ್ತೆ. ಪದ ಯಾವ ಭಾಷೆಯದು ಅನ್ನೋದಕ್ಕಿಂತ ನನಗೆ ಈ ವ್ಯತ್ಯಾಸ ದೊಡ್ಡದಾಗಿ ಕಾಣುತ್ತೆ.

ಸರ್ಕಾರಕ್ಕೂ ಇದು ಗೊತ್ತಿಲ್ಲದ್ದೇನಲ್ಲ. 2024ರ ಅಕ್ಟೋಬರ್ 1ರಿಂದ ಹೊಸದಾಗಿ ಕೊಡುವ ಚಿಲ್ಲರೆ ಸಾಲಗಳಿಗೆ, ಎಲ್ಲ ಖರ್ಚೂ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತೆ ಅನ್ನೋದನ್ನ ಬರೆದ ಹಾಳೆಯೊಂದನ್ನ ಕೊಡಲೇಬೇಕು, ಅದು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಕಿರುಸಾಲ ವಸೂಲಿಯ ಕಿರುಕುಳ ತಡೆಯೋಕೆ ಸುಗ್ರೀವಾಜ್ಞೆ ತಂದಿತು. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಎರಡೂ ಬೇಕಾದವೇ. ಆದರೆ ಅರ್ಥವಾಗುವ ಭಾಷೆ ಅಂದರೆ ಯಾವುದು? ಕನ್ನಡ ಲಿಪಿಯಲ್ಲಿ ಇದ್ದರೆ ಸಾಕಾ? ದೊಡ್ಡಮ್ಮನ ಮುಂದೆ ಆ ಹಾಳೆ ಹಿಡಿದು ಕೂರೋನು ಕೊನೆಗೂ ನನ್ನಂಥವನೇ. ಆ ಜಾಗದಲ್ಲಿ ಯಾವ ಇನ್ಸ್‌ಪೆಕ್ಟರೂ ಇರಲ್ಲ.

ನಮ್ಮಂಥವರು ಪ್ರತಿ ಹಳ್ಳಿಯಲ್ಲೂ ಇದ್ದೀವಿ. ಮನೆಗೊಬ್ಬ ಓದಿದವನು, ಓದಿದವಳು. ಎಸ್‌ಐಪಿ, ಟರ್ಮ್ ಪ್ಲಾನ್, ಸಿಬಿಲ್, ಪ್ರೋಸೆಸಿಂಗ್ ಫೀ ಅಂತ ಬಂದ ಕಾಗದವೆಲ್ಲ ನಮ್ಮ ಕೈ ದಾಟಿ ಹೋಗುತ್ತೆ. ನಾವು ತಲೆಯಾಡಿಸಿದರೆ ಅದೇ ರುಜುವಾತು. ಈ ನಂಬಿಕೆ ನಾವು ದುಡಿದು ಗಳಿಸಿದ್ದಲ್ಲ. ನಮ್ಮನ್ನ ಓದಿಸೋಕೆ ಹಾಲು ಮಾರಿದವರು ಇಟ್ಟಿರೋದು. ಹಾಗಾಗಿ ಇದನ್ನ ನಾನು ಉಪಕಾರ ಅನ್ನಲ್ಲ. ಋಣ ಅಂತೀನಿ.

ಆ ಋಣಕ್ಕೆ ನಾನು ಈಗ ಕಟ್ಟುತ್ತಿರೋದು ಇಷ್ಟು. ಯಾರಾದರೂ ಕಾಗದ ಕೊಟ್ಟರೆ ಮೂರು ಪ್ರಶ್ನೆಗೆ ಊರ ಮಾತಿನಲ್ಲಿ ಉತ್ತರ ಹೇಳ್ತೀನಿ. ಕೈಗೆ ಎಷ್ಟು ಬರುತ್ತೆ? ವಾಪಸ್ ಒಟ್ಟು ಎಷ್ಟು ಕೊಡಬೇಕು, ಯಾವಾಗ? ಒಂದು ಕಂತು ತಪ್ಪಿದರೆ ಏನಾಗುತ್ತೆ? ಈ ಮೂರರಲ್ಲಿ ಒಂದಕ್ಕೆ ಇಂಗ್ಲಿಷ್ ಪದ ಬಿಟ್ಟು ಹೇಳೋಕೆ ಬರದಿದ್ದರೆ, ನನಗೇ ಅರ್ಥವಾಗಿಲ್ಲ ಅಂತ ಲೆಕ್ಕ. "ಗೊತ್ತಿಲ್ಲ, ರುಜು ಹಾಕಬೇಡಿ, ನಾಳೆ ಹೇಳ್ತೀನಿ" ಅಂತೀನಿ. ಹೀಗೆ ಹೇಳುವಾಗ ಈಗಲೂ ನಾಚಿಕೆಯಾಗುತ್ತೆ.

ಹೋದ ಯುಗಾದಿಗೆ ಊರಿಗೆ ಹೋದಾಗ ದೊಡ್ಡಮ್ಮ ಪಕ್ಕದ ಮನೆ ಹುಡುಗಿಯನ್ನ ಕರಕೊಂಡು ಬಂದರು. ಅವಳ ಕೈಯಲ್ಲಿ ಸ್ಕೂಟರ್ ಸಾಲದ ಕಾಗದ ಇತ್ತು. ನಾನು ಬಾಯಿ ತೆರೆಯೋ ಮೊದಲೇ ದೊಡ್ಡಮ್ಮ ಅವಳಿಗೆ ಹೇಳಿದರು: "ಬಡ್ಡಿ ಇಳಿಯೋದಾ, ಇಳೀದೇ ಇರೋದಾ, ಮೊದ್ಲು ಅದನ್ನ ಕೇಳಮ್ಮ."