ಗಾಜಿನ ಮನೆಯೋ, ಮರದ ಮನೆಯೋ?

ಪರಾಧೀನವಾದ ಪ್ರಾಣಿಗೆ ವಸತಿಯನ್ನು ಕಲ್ಪಿಸುವವನು ಯಾರ ಸುಖವನ್ನು ಮೊದಲು ಎಣಿಸಬೇಕು? ಇದರ ಉತ್ತರವನ್ನು ಎಲ್ಲರೂ ಬಲ್ಲರು. ಆದರೆ ಬಲ್ಲ ಉತ್ತರವನ್ನು ಆಚರಣೆಗೆ ತರುವಾಗ ಮನಸ್ಸು ಹೇಗೆ ಜಾರುವುದೆಂಬುದಕ್ಕೆ, ಇಂಗ್ಲೆಂಡಿನ ಮನೆಗಳಲ್ಲಿ ನಡೆಯುವ ಒಂದು ಸಣ್ಣ ಚರ್ಚೆಯು ಒಳ್ಳೆಯ ದೃಷ್ಟಾಂತವಾಗಿದೆ.

ಆ ದೇಶದಲ್ಲಿ ನಾಯಿ ಬೆಕ್ಕುಗಳಂತೆ ಹಾವನ್ನೂ ಸಾಕುವವರು ಅನೇಕರುಂಟು. ಅವರಿಗೆ ಬಹು ಪ್ರಿಯವಾದ ಜಾತಿಗಳಲ್ಲೊಂದು ಪಶ್ಚಿಮ ಆಫ್ರಿಕದ ಒಂದು ಸಣ್ಣ ಹೆಬ್ಬಾವು. ಅದನ್ನು ಇಂಗ್ಲೆಂಡಿನಲ್ಲಿ ರಾಯಲ್ ಪೈಥಾನ್ ಎನ್ನುವರು. ಭಯವಾದಾಗ ತಲೆಯನ್ನು ನಡುವಿಗಿಟ್ಟು ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಅಮೆರಿಕದವರು ಬಾಲ್ ಪೈಥಾನ್ ಎನ್ನುವರು. ಅದಕ್ಕೆ ವಿಷವಿಲ್ಲ, ಉದ್ದವು ಸಾಮಾನ್ಯವಾಗಿ 3ರಿಂದ 4 ಅಡಿ, ಸ್ವಭಾವವು ಸಾಧು. ಇದನ್ನು ಇಡುವ ಪೆಟ್ಟಿಗೆಯು ಗಾಜಿನದಾಗಬೇಕೋ ಮರದ್ದಾಗಬೇಕೋ ಎಂಬುದೇ ಚರ್ಚೆಯ ವಿಷಯ.

ಗಾಜಿನ ಪಕ್ಷದವರ ವಾದವನ್ನು ಮೊದಲು ಕೇಳತಕ್ಕದ್ದು. ಗಾಜನ್ನು ತೊಳೆಯುವುದು ಸುಲಭ; ತೇವ ತಗಲಿದರೆ ಅದು ಕೊಳೆಯುವುದಿಲ್ಲ; ಕ್ರಿಮಿಗಳಿಗೆ ಅಡಗಲು ಸಂದು ಕಡಮೆ. ಇವೆಲ್ಲಕ್ಕಿಂತ ಮಿಗಿಲಾಗಿ, ಪ್ರಾಣಿಯನ್ನು ಎಲ್ಲ ಕಡೆಯಿಂದಲೂ ನೋಡಬಹುದು. ಈ ಕಡೆಯ ಮಾತಿಗೆ ಪೂರ್ವಚರಿತ್ರೆಯೂ ಉಂಟು. 1845ರಲ್ಲಿ ಬ್ರಿಟಿಷ್ ಸರಕಾರವು ಗಾಜಿನ ಮೇಲಣ ಸುಂಕವನ್ನು ತೆಗೆದುಹಾಕಿತು. 1849ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸರೀಸೃಪಗಳಿಗಾಗಿಯೇ ಒಂದು ಮನೆಯು ತೆರೆಯಿತು. ಜನರು ಗಾಜಿನ ಈಚೆ ನಿಂತು ನಿರ್ಭಯರಾಗಿ ಹಾವನ್ನು ನೋಡತೊಡಗಿದರು. ನೋಡುವವನ ಅನುಕೂಲಕ್ಕಾಗಿ ಬಂದ ಗಾಜು ಕ್ರಮೇಣ ಮನೆಯೊಳಕ್ಕೂ ಬಂದಿತು.

ಮರದ ಪಕ್ಷದವರು ಹಾವಿನ ಕಡೆಯಿಂದ ಹೊರಡುತ್ತಾರೆ. ಹಾವು ಮನುಷ್ಯನಂತೆ ತನ್ನ ಮೈಯ ಶಾಖವನ್ನು ತಾನೇ ಕಾಪಾಡಿಕೊಳ್ಳಲಾರದು. ಪೆಟ್ಟಿಗೆಯ ಒಂದು ತುದಿಯಲ್ಲಿ ಸುಮಾರು 32 ಡಿಗ್ರಿ ಸೆಂಟಿಗ್ರೇಡ್, ಇನ್ನೊಂದು ತುದಿಯಲ್ಲಿ ಸುಮಾರು 25 ಡಿಗ್ರಿ ಇದ್ದರೆ, ಎರಡರ ನಡುವೆ ಸರಿದಾಡಿ ತನಗೆ ಬೇಕಾದಷ್ಟನ್ನು ಪಡೆಯುವುದು. ಇಂಗ್ಲೆಂಡಿನ ಚಳಿಗಾಲದಲ್ಲಿ ಗಾಜು ಈ ಶಾಖವನ್ನು ಬೇಗನೆ ಕಳೆದುಕೊಳ್ಳುತ್ತದೆ, ಮರವು ಹಿಡಿದಿಡುತ್ತದೆ. ಅಲ್ಲದೆ ಈ ಹಾವು ತನ್ನ ನಾಡಿನಲ್ಲಿ ಹಗಲನ್ನು ಇಲಿಯ ಬಿಲದಲ್ಲೋ ಗೆದ್ದಲ ಹುತ್ತದಲ್ಲೋ ಕಳೆಯುವಂಥದು. ಕತ್ತಲೂ ಇಕ್ಕಟ್ಟೂ ಅದಕ್ಕೆ ಅಭಯಸ್ಥಾನ. ರೆಪ್ಪೆಯಿಲ್ಲದ ಆ ಜೀವಿಗೆ ಕಣ್ಣು ಮುಚ್ಚಿ ಲೋಕವನ್ನು ಮರೆಯುವ ಉಪಾಯವೂ ಇಲ್ಲ. ಸುತ್ತಲೂ ಗಾಜೇ ಆದರೆ, ಕಾಣದ ಗೋಡೆಗೆ ಮೂತಿಯನ್ನು ಉಜ್ಜಿ ಗಾಯಮಾಡಿಕೊಳ್ಳುವುದುಂಟು, ಆಹಾರವನ್ನೇ ಬಿಡುವುದುಂಟು.

ಹಾಗಾದರೆ ಮರವೇ ಸಿದ್ಧಾಂತವೆ? ಅಷ್ಟು ಬೇಗ ಹೇಳಲಾಗದು. ಪೊರೆ ಬಿಡುವ ಕಾಲದಲ್ಲಿ ಹಾವಿಗೆ ತೇವವು ಬೇಕು. ಸಂದುಗಳನ್ನು ಸರಿಯಾಗಿ ಮುಚ್ಚದ ಮರವು ಆ ತೇವದಿಂದಲೇ ಉಬ್ಬಿ ಕೊಳೆಯುವುದು. ಗಾಜಿನ ಪೆಟ್ಟಿಗೆಯ ಮೂರು ಬದಿಗಳನ್ನು ಮರೆಮಾಡಿ, ಒಳಗೆ ಅಡಗುವ ಗೂಡುಗಳನ್ನಿಟ್ಟು, ಶಾಖವನ್ನು ಸರಿಪಡಿಸಿದರೆ ಅದೂ ಒಳ್ಳೆಯ ಮನೆಯೇ. ಇದಕ್ಕೆ ಪ್ರತಿಯಾಗಿ, ಕೋಣೆಯ ಅಲಂಕಾರಕ್ಕೆ ಒಪ್ಪುವುದೆಂದು ಮಾತ್ರ ಮರದ ಪೆಟ್ಟಿಗೆಯನ್ನು ಕೊಂಡವನು ಗಾಜಿನವನ ತಪ್ಪನ್ನೇ ಮಾಡಿರುವನು. ಆದುದರಿಂದ ಗುಣದೋಷಗಳ ಮೂಲವನ್ನು ಸಾಕುವವನ ಸಂಕಲ್ಪದಲ್ಲಿ ಹುಡುಕತಕ್ಕದ್ದು.

ಹೊಟ್ಟೆಗೆ ಇಲಿ ಸಿಕ್ಕರೆ ಹಾವಿಗೆ ಸಾಲದೆ, ಇಷ್ಟು ವಿಚಾರವೇಕೆ ಎಂದು ಕೇಳುವವರುಂಟು. ಧರ್ಮಶಾಸ್ತ್ರಕಾರರು ಹದಿನೆಂಟು ವ್ಯವಹಾರಪದಗಳಲ್ಲಿ ನಿಕ್ಷೇಪವನ್ನೂ ಎಣಿಸಿರುವರು. ಒಬ್ಬನು ನಂಬಿ ಇರಿಸಿದ ಸೊತ್ತನ್ನು ಮತ್ತೊಬ್ಬನು ಕೆಡದಂತೆ ಕಾಯಬೇಕು. ಇರಿಸಿದವನಾದರೋ ಬಂದು ಕೇಳಬಲ್ಲನು. ನಾಯಿಯು ಬೊಗಳಿ, ಬೆಕ್ಕು ಕೂಗಿ ತನ್ನ ಕೊರತೆಯನ್ನು ತಿಳಿಸುವುದು. ಹಾವಿಗೆ ಅಂಥ ಕೂಗಿಲ್ಲ. ಕೇಳಲಾರದವನ ಸೊತ್ತಿಗೆ ಕಾವಲು ಇಮ್ಮಡಿಯಾಗಬೇಡವೆ? ಇಂಗ್ಲೆಂಡಿನ 2006ರ ಪ್ರಾಣಿಕಲ್ಯಾಣ ಶಾಸನವೂ ಸಾಕಿದ ಪ್ರಾಣಿಗೆ ಆಹಾರವಲ್ಲದೆ ತಕ್ಕ ವಾಸಸ್ಥಾನವನ್ನೂ ಸ್ವಾಭಾವಿಕವಾಗಿ ವರ್ತಿಸುವ ಅವಕಾಶವನ್ನೂ ಒದಗಿಸಬೇಕೆಂದು ವಿಧಿಸಿದೆ.

ಇದನ್ನು ಓದಿ ಕನ್ನಡ ನಾಡಿನವರು ತಮಗೆ ಈ ದೋಷವಿಲ್ಲವೆಂದು ತೃಪ್ತಿಪಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಶಾಸನದಿಂದ ನಾಡಿನ ಹಾವನ್ನು ಹಿಡಿದಿಡುವುದು ನಿಷಿದ್ಧವಾಗಿದೆ, ನಿಜ. ಆದರೆ ನಾಗರಪಂಚಮಿಯಂದು ಹುತ್ತಕ್ಕೆ ಎರೆಯುವ ಹಾಲು ಹಾವಿನ ಆಹಾರವಲ್ಲ. ಭಕ್ತಿಯು ಸತ್ಯವಾದರೂ, ಅಲ್ಲಿಯೂ ಕೊಡುವವನು ತನ್ನ ಅಳತೆಯಿಂದಲೇ ಅಳೆದು ಕೊಡುತ್ತಾನೆ.

ಪಶ್ಚಿಮ ಆಫ್ರಿಕದ ಬೆನಿನ್ ದೇಶದ ವಿದಾ ಪಟ್ಟಣದಲ್ಲಿ ಇದೇ ಹೆಬ್ಬಾವುಗಳಿಗೆ ಒಂದು ಗುಡಿಯಿದೆ. ಅವುಗಳನ್ನು ರಾತ್ರಿ ಹೊರಗೆ ಸಂಚರಿಸಲು ಬಿಡುವ ವಾಡಿಕೆಯುಂಟು. ಮನೆಯೊಳಕ್ಕೆ ಬಂದ ಹಾವನ್ನು ಊರವರು ಮೆಲ್ಲನೆ ಎತ್ತಿ ಗುಡಿಗೆ ತಂದುಬಿಡುತ್ತಾರೆ. ಅಂಥ ಬಾಗಿಲನ್ನು ಇಂಗ್ಲೆಂಡಿನ ಗೃಹಸ್ಥನು ತೆರೆಯಲಾರನು; ಹೊರಗಿನ ಚಳಿಯೇ ಹಾವನ್ನು ಕೊಲ್ಲುವುದು. ಆದುದರಿಂದ ಅವನ ಹೊಣೆಯು ಹೆಚ್ಚಿನದು, ದೀರ್ಘವಾದದ್ದು. ಈ ಜಾತಿಯ ಹಾವು 20, 30 ವರ್ಷಗಳವರೆಗೂ ಬದುಕುವುದು. ಪೆಟ್ಟಿಗೆಯನ್ನು ಕೊಳ್ಳುವ ಮೊದಲು ಅವನು ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆಯು ಒಂದೇ: “ದಿನವೆಲ್ಲ ಇದು ನನ್ನ ಕಣ್ಣಿಗೆ ಬೀಳದೆ ಅಡಗಿದ್ದರೂ ಇದನ್ನು ಪ್ರೀತಿಯಿಂದ ಸಾಕಬಲ್ಲೆನೆ?” ಬಲ್ಲೆನೆನ್ನುವವನಿಗೆ ಗಾಜಾದರೂ ಸರಿ, ಮರವಾದರೂ ಸರಿ. ಅನ್ನಲಾರದವನು ಹಾವನ್ನು ತರದಿರುವುದೇ ಧರ್ಮ.