ಹೆಗಲ ಮೇಲೆ ನಿಂತವರು



*ಇಂದಿನ ಚಿಂತನೆ*



ಕೆಲಸ ಮಾಡಿಕೊಂಡೇ ಪದವಿ ಓದುವವರನ್ನು ನಾವೆಲ್ಲ ಮೆಚ್ಚುತ್ತೇವೆ. ಹಗಲು ದುಡಿಮೆ, ರಾತ್ರಿ ಪುಸ್ತಕ. ಆದರೆ ಅವರು ತಾವು ದುಡಿಯುವುದರ ಜೊತೆಗೆ ಇನ್ನೂ ಮೂವತ್ತು ಜನರಿಂದ ಕೆಲಸ ಮಾಡಿಸುವ ಟೀಮ್ ಲೀಡರ್ ಆಗಿದ್ದರೆ? ಅವರ ಸಮಯ ಮೊದಲು ಯಾರಿಗೆ ಸಲ್ಲಬೇಕು? ತಮ್ಮ ಓದಿಗೋ, ಕೈಕೆಳಗಿನವರ ಕಲಿಕೆಗೋ?

ನಮ್ಮ ಕಟ್ಟಾಯ ಹೋಬಳಿಯಲ್ಲಿ ಇದು ದಿನನಿತ್ಯದ ಪ್ರಶ್ನೆ. ಬೆಳಗ್ಗೆ ಗಾರ್ಮೆಂಟ್ಸ್ ಬಸ್ಸು ಹತ್ತಿ ಹಾಸನಕ್ಕೆ ಹೋಗುವ ಹೆಣ್ಣುಮಕ್ಕಳು ನಮ್ಮ ಕೇರಿಗಳಲ್ಲಿದ್ದಾರೆ. ಹೆಲ್ಪರ್ ಆಗಿ ಸೇರಿ, ಟೈಲರ್ ಆಗಿ, ಈಗ ಲೈನ್ ನೋಡಿಕೊಳ್ಳುವ ಹಂತಕ್ಕೆ ಬಂದವರೂ ಇದ್ದಾರೆ. ಮೈಸೂರಿನಲ್ಲಿ 1996ರಲ್ಲಿ ಶುರುವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇಂಥವರಿಗೆ ಪದವಿಯ ಬಾಗಿಲು ತೆರೆಯಿತು. ಕೆಲಸದ ಜಾಗದಲ್ಲಿ ಪಡೆಯುವ ತರಬೇತಿಯನ್ನೇ ಪದವಿಯ ಭಾಗವೆಂದು ಲೆಕ್ಕಕ್ಕೆ ಹಿಡಿಯುವ ಅಪ್ರೆಂಟಿಸ್‌ಶಿಪ್ ಪದವಿಗಳಿಗೆ 2020ರಲ್ಲಿ ಯುಜಿಸಿ ಮಾರ್ಗಸೂಚಿ ಕೊಟ್ಟಿತು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೀಗೆ ಲೈನ್ ಲೀಡರ್ ಆಗಿದ್ದುಕೊಂಡೇ ಪದವಿ ಓದುತ್ತಿದ್ದಾಳೆ. ಅವಳ ಲೈನಿಗೆ ಇಬ್ಬರು ಅಪ್ರೆಂಟಿಸ್ ಹುಡುಗಿಯರು ಬಂದಿದ್ದಾರೆ. ಅವಳು ಕೇಳಿದ್ದು ಇಷ್ಟು: "ಸಾರ್, ಇವರಿಗೆ ನಿಂತು ಕಲಿಸಿದ್ರೆ ಪ್ರೊಡಕ್ಷನ್ ಬೀಳುತ್ತೆ. ಬಿದ್ರೆ ಶಿಫ್ಟ್ ಮುಗಿದ ಮೇಲೂ ನಾನೇ ನಿಲ್ಬೇಕು. ನನ್ನ ಓದು ಹಾಳಾಗುತ್ತೆ. ನಾನು ಓದ್ತಿರೋದೇ ಈ ಲೈನ್ ಬಿಟ್ಟು ಮೇಲೆ ಹೋಗೋಕೆ ಅಲ್ವಾ? ಇವರನ್ನ ದಾರ ಕತ್ತರಿಸೋಕೆ ಕೂರಿಸಿಬಿಟ್ರೆ ನನಗೆ ತಲೆನೋವಿಲ್ಲ. ಅದು ತಪ್ಪಾ ಸಾರ್?"

ಇದನ್ನು ಸ್ವಾರ್ಥ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರಲಿಲ್ಲ. ಮನೆಯಲ್ಲಿ ಮೊದಲ ಬಾರಿಗೆ ಪದವಿಯ ಹತ್ತಿರ ಬಂದವಳು ಅವಳು. ಅವಳ ಸಂಜೆಯ ಎರಡು ಗಂಟೆಗೆ ಬೆಲೆ ಇದೆ.

ಸಂಯುತ್ತ ನಿಕಾಯದ ಸೇದಕ ಸುತ್ತದಲ್ಲಿ ಇದಕ್ಕೆ ಹೊಂದುವ ಕಥೆಯೊಂದಿದೆ. ಒಬ್ಬ ದೊಂಬರಾಟದ ಗುರು ಬಿದಿರಿನ ಗಳ ನಿಲ್ಲಿಸಿ, ಶಿಷ್ಯೆ ಮೇದಕಥಾಲಿಕಾಳನ್ನು ತನ್ನ ಹೆಗಲ ಮೇಲೆ ಹತ್ತಿ ನಿಲ್ಲಲು ಹೇಳುತ್ತಾನೆ. "ನೀನು ನನ್ನನ್ನು ಕಾಪಾಡು, ನಾನು ನಿನ್ನನ್ನು ಕಾಪಾಡುತ್ತೇನೆ" ಎಂಬುದು ಅವನ ಮಾತು. ಶಿಷ್ಯೆ ಒಪ್ಪುವುದಿಲ್ಲ. ಅವರವರ ತೂಕವನ್ನು ಅವರವರು ನೋಡಿಕೊಂಡರೇನೇ ಇಬ್ಬರೂ ಕ್ಷೇಮವಾಗಿ ಇಳಿಯುತ್ತೇವೆ ಎನ್ನುತ್ತಾಳೆ. ಭಗವಾನ್ ಬುದ್ಧರು ಶಿಷ್ಯೆಯ ಮಾತೇ ಸರಿಯಾದ ದಾರಿ ಎಂದರು. ಆದರೆ ಅಲ್ಲಿಗೆ ನಿಲ್ಲಿಸಲಿಲ್ಲ. ಅಭ್ಯಾಸದಿಂದ ತನ್ನನ್ನು ಕಾಪಾಡಿಕೊಂಡವನು ಇತರರನ್ನೂ ಕಾಪಾಡುತ್ತಾನೆ. ತಾಳ್ಮೆ, ಅಹಿಂಸೆ, ಮೈತ್ರಿ, ಅನುಕಂಪದಿಂದ ಇತರರನ್ನು ಕಾಪಾಡುವವನು ತನ್ನನ್ನೂ ಕಾಪಾಡಿಕೊಳ್ಳುತ್ತಾನೆ ಎಂದು ಎರಡೂ ಕಡೆಯಿಂದ ಹೇಳಿದರು.

ಹಾಗಾಗಿ ಅವಳ ಓದು ತಪ್ಪಲ್ಲ. ತನ್ನ ತೂಕ ತಾನು ನೋಡಿಕೊಳ್ಳದ ಲೀಡರ್ ಬಿದ್ದರೆ ಹೆಗಲ ಮೇಲಿರುವವರೂ ಬೀಳುತ್ತಾರೆ. ದಾರ ಕತ್ತರಿಸಲು ಕೂರಿಸುವ ಮಾತು ಮಾತ್ರ ಬೇರೆ. ಅದೇಕೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮುಂಬೈಯ ಬಟ್ಟೆ ಗಿರಣಿಗಳಲ್ಲಿ ನಮ್ಮವರಿಗೆ ಕೆಲಸ ಇತ್ತು. ಆದರೆ ಹೆಚ್ಚು ಕೂಲಿ ಸಿಗುವ ನೇಯ್ಗೆ ವಿಭಾಗಕ್ಕೆ ಪ್ರವೇಶ ಇರಲಿಲ್ಲ. ನೂಲನ್ನು ಬಾಯಿಗೆ ತಾಗಿಸಬೇಕಾಗುತ್ತದೆ, ಮೈಲಿಗೆಯಾಗುತ್ತದೆ ಎಂದು ಜೊತೆಯ ಕಾರ್ಮಿಕರೇ ತಡೆದರು. 1938ರ ಫೆಬ್ರವರಿಯಲ್ಲಿ ಮನ್ಮಾಡದ ರೈಲ್ವೆ ಕಾರ್ಮಿಕರ ಸಮ್ಮೇಳನದಲ್ಲಿ ಬಾಬಾಸಾಹೇಬರು ಇದನ್ನೂ, ರೈಲ್ವೆಯಲ್ಲಿ ದಲಿತರಿಗೆ ಬಡ್ತಿ ಸಿಗದಿರುವುದನ್ನೂ ಎತ್ತಿ ಮಾತಾಡಿದರು. ಜಾತಿ ನಮ್ಮ ಕೈಗೆ ಕೆಲಸ ಕೊಟ್ಟಾಗಲೂ ಕಸುಬಿನ ಒಳಗುಟ್ಟು ಕಲಿಸಲಿಲ್ಲ. ಗುಡಿಸು, ಹೊರು, ದಾರ ಹೆಕ್ಕು. ಮಗ್ಗದ ಹತ್ತಿರ ಬರಬೇಡ.

ಕಲಿಯಲು ಬಂದವಳನ್ನು ವರ್ಷಪೂರ್ತಿ ದಾರ ಕತ್ತರಿಸಲು ಕೂರಿಸಿದರೆ ನಾವು ಮಾಡುವುದೂ ಅದನ್ನೇ. ಮೈಲಿಗೆಯ ಜಾಗದಲ್ಲಿ ಟಾರ್ಗೆಟ್ ಇರುತ್ತದೆ, ಅಷ್ಟೇ ವ್ಯತ್ಯಾಸ.

ಕಾನೂನು ಕೂಡ ಇದನ್ನು ಕಂಡಿದೆ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಎಂದರೆ ತರಬೇತಿ ಪಡೆಯುವವರು, ಕಾರ್ಮಿಕರಲ್ಲ. ಅವರಿಗೆ ಪೀಸ್ ಲೆಕ್ಕದಲ್ಲಿ ಹಣ ಕೊಡುವಂತಿಲ್ಲ. ಅಪ್ರೆಂಟಿಸ್‌ಶಿಪ್ ಸಲಹೆಗಾರರ ಒಪ್ಪಿಗೆ ಇಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ. 1973ರ ತಿದ್ದುಪಡಿಯಿಂದ ಪರಿಶಿಷ್ಟ ಜಾತಿ, ಪಂಗಡಗಳಿಗೆ ತರಬೇತಿ ಸ್ಥಾನಗಳಲ್ಲಿ ಮೀಸಲಾತಿಯೂ ಬಂತು. ಆದರೆ ಕಲಿಸದೇ ಹೋದರೆ 'ಕಾರ್ಮಿಕರಲ್ಲ' ಎಂಬ ಅದೇ ಮಾತು ಕಡಿಮೆ ದುಡ್ಡಿಗೆ ಕೈಗಳನ್ನು ಪಡೆಯುವ ದಾರಿಯಾಗುತ್ತದೆ. ಸ್ಥಾನ ಕೊಡಿಸುವುದು ಕಾಯ್ದೆಯ ಕೆಲಸ. ಆ ಸ್ಥಾನದಲ್ಲಿ ಕೂತವಳಿಗೆ ಕಾಲರ್ ಹೊಲಿಯಲು ಬರುತ್ತದೋ ಇಲ್ಲವೋ ಎಂಬುದು ಲೈನ್ ಲೀಡರ್ ಕೈಯಲ್ಲಿದೆ.

ಇನ್ನು ಅವಳ ಸಂಜೆಯ ಮಾತು. ಅದನ್ನೂ ಯಾರೋ ಕಾಪಾಡಿ ಕೊಟ್ಟಿದ್ದಾರೆ. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ಕಾರ್ಖಾನೆಗಳಲ್ಲಿ ವಾರದ ದುಡಿಮೆಯನ್ನು 54 ಗಂಟೆಯಿಂದ 48ಕ್ಕೆ ಇಳಿಸಿದ 1946ರ ತಿದ್ದುಪಡಿ ಅವರ ಇಲಾಖೆಯದು. ಅದೇ ವರ್ಷ ಮುಂಬೈಯಲ್ಲಿ ಅವರು ತೆರೆದ ಸಿದ್ಧಾರ್ಥ ಕಾಲೇಜಿನಲ್ಲಿ ತರಗತಿಗಳು ಬೆಳಗಿನ ಹೊತ್ತು ನಡೆಯುತ್ತಿದ್ದವು. ದುಡಿಯುವ ಹುಡುಗರು ಪಾಠ ಮುಗಿಸಿ ಕೆಲಸಕ್ಕೆ ಹೋಗಲಿ ಎಂದು. ದುಡಿಯುವವರಿಗೆ ಓದುವ ಹೊತ್ತು ಬೇಕು ಎಂಬುದು ಅವರಿಗೆ ಗೊತ್ತಿತ್ತು. ಆದ್ದರಿಂದ ತನ್ನ ಸಂಜೆಯನ್ನು ಅವಳು ಬಿಟ್ಟುಕೊಡಬಾರದು. ಅಪ್ರೆಂಟಿಸ್‌ಗಳ ಕಲಿಕೆಯನ್ನೂ ಬಿಟ್ಟುಕೊಡಬಾರದು.

ಎರಡೂ ಹೇಗೆ ಸಾಧ್ಯ? ನಾನು ಹೇಳಿದ್ದು ಮೂರು ಮಾತು. ದಿನಕ್ಕೆ ಇಪ್ಪತ್ತು ನಿಮಿಷ ಇಟ್ಟುಕೊಂಡು ವಾರಕ್ಕೆ ಒಂದೇ ಆಪರೇಷನ್ ಕಲಿಸು. ಕಲಿಸಿದ್ದನ್ನು ತಾರೀಖು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಅಪ್ರೆಂಟಿಸ್‌ಗಳನ್ನು ಟಾರ್ಗೆಟ್ ಲೆಕ್ಕದಿಂದ ಹೊರಗಿಡಿ ಎಂದು ಫ್ಲೋರ್ ಇನ್‌ಚಾರ್ಜ್‌ಗೆ ಬರವಣಿಗೆಯಲ್ಲಿ ಕೇಳು. ಅವರು ಒಪ್ಪದೆಯೂ ಇರಬಹುದು. ಒಳ್ಳೆಯ ಲೀಡರ್ ಒಬ್ಬಳಿಂದ ಟಾರ್ಗೆಟ್ ಇಳಿಯುವುದಿಲ್ಲ. ಅದಕ್ಕೆ ಸಂಘಟನೆ ಬೇಕು. ಆದರೆ ಮೇಲಿನ ಒತ್ತಡವನ್ನು ಹಾಗೇ ಕೆಳಗೆ ದಾಟಿಸದಿರುವುದು ಇವತ್ತೇ ಅವಳ ಕೈಯಲ್ಲಿರುವ ಶೀಲ. ಶಕ್ತಿಗೆ ತಕ್ಕ ಕೆಲಸ ಕೊಡುವುದು ದುಡಿಸುವವರ ಮೊದಲ ಕರ್ತವ್ಯ ಎಂದು ಸಿಗಾಲೋವಾದ ಸುತ್ತದಲ್ಲೂ ಇದೆ.

ಮೇಷ್ಟ್ರಾಗಿ ಒಂದು ಮಾತು ಸೇರಿಸುತ್ತೇನೆ. ಎಂ.ಎ.ಯಲ್ಲಿ ಓದಿದ ಕೇಶಿರಾಜನ ಸಂಧಿ ಪ್ರಕರಣ ನನಗೆ ಪೂರ್ತಿ ಬಿಡಿಸಿಕೊಂಡದ್ದು ಎಂಟನೇ ತರಗತಿಯ ಮಕ್ಕಳಿಗೆ ಸಂಧಿ ಹೇಳಿಕೊಡುವಾಗ. ಕಲಿಸಿದ ಗಂಟೆ ನಮ್ಮ ಓದಿನಿಂದ ಕಳೆದುಹೋದ ಗಂಟೆ ಎಂಬ ಲೆಕ್ಕ ಯಾವಾಗಲೂ ಸರಿ ಬರುವುದಿಲ್ಲ.

ಬಂಧುಗಳೇ, ನಮ್ಮಲ್ಲಿ ಆಫೀಸರ್‌ಗಳು ಕಡಿಮೆ. ಲೈನ್ ಲೀಡರ್, ಮೇಸ್ತ್ರಿ, ಹಿರಿಯ ಗುಮಾಸ್ತರು, ಅಂಗನವಾಡಿ ಕಾರ್ಯಕರ್ತೆಯರು ಬಹಳ. ಸಮುದಾಯದ ಋಣ ತೀರಿಸಲು ದೊಡ್ಡ ಹುದ್ದೆ ಬರಲಿ ಎಂದು ಕಾಯಬೇಕಿಲ್ಲ.

*ಇಂದಿನ ಅಭ್ಯಾಸ:* ಮಲಗುವ ಮುನ್ನ ಐದು ನಿಮಿಷ ಉಸಿರಿನ ಮೇಲೆ ಗಮನ ಇಟ್ಟು ಕೂತು, ಕೆಲಸದ ಜಾಗದಲ್ಲಿ ನಿಮ್ಮಿಂದ ಕಲಿಯಬೇಕಾದ ಒಬ್ಬರನ್ನು ನೆನೆಯಿರಿ. ನಾಳೆ ಅವರಿಗೆ ಕಲಿಸುವ ಒಂದು ಕೆಲಸವನ್ನು ಈಗಲೇ ಗೊತ್ತುಮಾಡಿಕೊಳ್ಳಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್ 🙏